ಗಾಳಿಯ ಲೆಕ್ಕ ಹಿಡಿದು ವಿಮಾನದ ವೇಗ ತಿಳಿಯುವುದು ಹೇಗೆ?

ವಿಮಾನಕ್ಕೆ ಒಂದೇ ಹೊತ್ತಿನಲ್ಲಿ ಎರಡು ವೇಗ ಇರುತ್ತದೆ. ಸುತ್ತಲಿನ ಗಾಳಿಯನ್ನು ಸೀಳಿಕೊಂಡು ಹೋಗುವ ವೇಗ ಏರ್‌ಸ್ಪೀಡ್. ನೆಲದ ಲೆಕ್ಕದಲ್ಲಿ ಮುಂದೆ ಸಾಗುವ ವೇಗ ಗ್ರೌಂಡ್ ಸ್ಪೀಡ್. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದು ಮೊದಲನೆಯದರ ಬಲದಿಂದ. ಊರು ಯಾವಾಗ ತಲುಪುತ್ತೇವೆ ಅನ್ನುವುದು ಎರಡನೆಯದರ ಮೇಲೆ ನಿಂತಿದೆ.

ಹಿಂದಿನಿಂದ ಗಾಳಿ ಬೀಸಿದರೆ ಏರ್‌ಸ್ಪೀಡ್ ಕಡಿಮೆಯಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಹೊಳೆಯಲ್ಲಿ ದೋಣಿ ಹೇಗೋ ಹಾಗೆ, ವಿಮಾನ ಗಾಳಿಯ ಜೊತೆಗೇ ಸಾಗುತ್ತಿರುತ್ತದೆ. ಒಂದೇ ಸಮನೆ ಬೀಸುವ ಗಾಳಿ ಬದಲಿಸುವುದು ಗ್ರೌಂಡ್ ಸ್ಪೀಡನ್ನು ಮಾತ್ರ.

ಈಗ ಲೆಕ್ಕಕ್ಕೆ ಬನ್ನಿ. ಮೊದಲು ಗಾಳಿಯ ದಿಕ್ಕು ನೋಡಿ. 270 ಡಿಗ್ರಿ ಗಾಳಿ ಅಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವುದಲ್ಲ. ನೇರ ಎದುರುಗಾಳಿಯಾದರೆ ಅದರ ವೇಗವನ್ನು ಏರ್‌ಸ್ಪೀಡ್‌ನಿಂದ ಕಳೆಯಿರಿ. ಹಿಂದಿನಿಂದ ಬಂದರೆ ಕೂಡಿಸಿ. ಓರೆಯಾಗಿ ಬಂದಾಗ ಪೂರ್ತಿ ಕಳೆಯಬೇಡಿ: ಮೂಗಿನ ನೇರಕ್ಕೆ 60 ಡಿಗ್ರಿ ಓರೆಯಿದ್ದರೆ ಎದುರುಗಾಳಿಯ ಪಾಲು ಅರ್ಧ ಮಾತ್ರ.

ಅಡ್ಡಗಾಳಿಯ ವಿಷಯ ಸ್ವಲ್ಪ ಬೇರೆ. ಮೂಗನ್ನು ಗಾಳಿಯ ಕಡೆಗೆ ತಿರುಗಿಸದಿದ್ದರೆ ವಿಮಾನ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಏರ್‌ಸ್ಪೀಡ್ 250 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದು, ದಾರಿಗೆ ನೇರ ಅಡ್ಡವಾಗಿ 70 ನಾಟ್ ಗಾಳಿ ಬೀಸುತ್ತಿದೆ ಅನ್ನಿ. ಮೂಗು ಸುಮಾರು 16 ಡಿಗ್ರಿ ತಿರುಗಬೇಕು. ಆಗ ಗ್ರೌಂಡ್ ಸ್ಪೀಡ್ 240 ನಾಟ್. ಅಂದರೆ ಎದುರಿಗೆ ಬರದ ಗಾಳಿಯೂ 10 ನಾಟ್ ಕಸಿಯಿತು, ಅಲ್ವಾ?

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿಬಿಡುತ್ತದೆ ಅಂದುಕೊಳ್ಳಬೇಡಿ. ಗಂಟೆಗೆ 300 ಕಿ.ಮೀ. ಏರ್‌ಸ್ಪೀಡ್‌ನ ವಿಮಾನ 600 ಕಿ.ಮೀ. ಹೋಗಿ ಬರಲು ಗಾಳಿಯಿಲ್ಲದಿದ್ದರೆ 4 ಗಂಟೆ ಸಾಕು. 100 ಕಿ.ಮೀ. ವೇಗದ ಗಾಳಿಗೆ ಎದುರಾಗಿ ಹೋದರೆ 3 ಗಂಟೆ, ಅದೇ ಗಾಳಿಯ ಜೊತೆ ಬಂದರೆ ಒಂದೂವರೆ. ಒಟ್ಟು ನಾಲ್ಕೂವರೆ! ನಿಧಾನವಾಗಿ ಹೋಗುವ ಹೊತ್ತೇ ಜಾಸ್ತಿಯಾದ್ದರಿಂದ ಹೀಗೆ. ಇಂಧನ ತುಂಬಿಸುವಾಗ ಇದನ್ನು ಮರೆಯುವಂತಿಲ್ಲ.

ಗಾಳಿ ದಿಢೀರನೆ ಬದಲಾದರೆ ಮಾತ್ರ ಏರ್‌ಸ್ಪೀಡ್‌ಗೂ ಪೆಟ್ಟು ಬೀಳುತ್ತದೆ. ಭಾರವಾದ ವಿಮಾನ ಅಷ್ಟು ಬೇಗ ಹೊಂದಿಕೊಳ್ಳಲಾರದು. ಇಳಿಯುವಾಗ ಎದುರುಗಾಳಿ ಒಮ್ಮೆಲೇ ನಿಂತರೆ ರೆಕ್ಕೆಯ ಎತ್ತುವ ಬಲವೂ ಇಳಿಯುತ್ತದೆ. ನೆಲ ಹತ್ತಿರವಿದ್ದಾಗ ಇದು ನಿಜಕ್ಕೂ ಅಪಾಯ. ಗಾಳಿಯ ಇಂಥ ದಿಢೀರ್ ಬದಲಾವಣೆಯ, ಅಂದರೆ ವಿಂಡ್ ಶಿಯರ್‌ನ, ಎಚ್ಚರಿಕೆ ಬಂದರೆ ಪೈಲಟ್‌ಗಳು ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು ಅದಕ್ಕೇ.