ಆಕಳ ಗಂಟಲಲ್ಲಿ ಮಾವಿನ ಗೊರಟು ಸಿಕ್ಕಾಗ

ಮಾನ್ಕುರಾದ್ ಮಾವಿನ ಹಣ್ಣಿನ ಕಾಲ ಬಂತೆಂದರೆ ಗೋವಾದ ಫೋಂಡಾ ಸುತ್ತಮುತ್ತಲಿಂದ ನನಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. "ಡಾಕ್ಟ್ರ, ಆಕಳು ಒಂದೇ ಸಮನೆ ಜೊಲ್ಲು ಸುರಿಸ್ತೈತ್ರಿ, ಕುಡಿದ ನೀರು ಮೂಗಿಂದ ಬರ್ತೈತ್ರಿ." ಹಾವೇರಿ, ಗದಗ ಕಡೆಯಿಂದ ಇಲ್ಲಿಗೆ ಬಂದು ಒಂದೆರಡು ಆಕಳು ಕಟ್ಟಿಕೊಂಡವರ ಮಾತಿದು. ನಾನು ಮೊದಲು ಹೇಳುವುದು: ಕೋಲು ಹಾಕಿ ನೂಕಬೇಡಿ, ಗೊಟ್ಟದಲ್ಲಿ ಎಣ್ಣೆ ಹುಯ್ಯಬೇಡಿ. ಕೋಲಿನಿಂದ ಅನ್ನನಾಳ ಹರಿಯುತ್ತದೆ. ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹರಿದ ಅನ್ನನಾಳವನ್ನು ಸರಿಮಾಡುವುದು ಬಹಳ ಕಷ್ಟ.

ಹೋದ ಕೂಡಲೇ ನಾನು ನೋಡುವುದು ಗಂಟಲನ್ನಲ್ಲ, ಎಡಹೊಟ್ಟೆಯನ್ನು. ದೊಡ್ಡ ಆಕಳ ಮೊದಲ ಹೊಟ್ಟೆಯಲ್ಲಿ ಗಂಟೆಗೆ 30ರಿಂದ 50 ಲೀಟರ್ ಗ್ಯಾಸ್ ಹುಟ್ಟುತ್ತದೆ. ಅದು ತೇಗಾಗಿ ಹೊರಬರುವುದು ಅನ್ನನಾಳದಿಂದಲೇ. ದಾರಿ ಕಟ್ಟಿತೆಂದರೆ ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಆಕಳು ಸಾಯುವುದು ಹೆಚ್ಚಾಗಿ ಇದರಿಂದ, ಗೊರಟಿನಿಂದಲ್ಲ.

ಕುರ್ಟಿಯ ಒಂದು ಮನೆಯಲ್ಲಿ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಆಕಳು ನಾಲಗೆ ಚಾಚಿ ಉಸಿರಾಡುತ್ತಿತ್ತು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ಹಳ್ಳದಲ್ಲಿ ಟ್ರೋಕಾರ್, ಅಂದರೆ ಕೊಳವೆಯೊಳಗೆ ಕೂರುವ ಚೂಪಾದ ಸಲಾಕೆ, ಚುಚ್ಚಿದೆ. ಗ್ಯಾಸನ್ನು ನಿಧಾನವಾಗಿ ಬಿಟ್ಟೆ. ಆಮೇಲೆಯೇ ಗಂಟಲಿನ ಕೆಲಸ.

ಬಾಯಿಗೆ ಕೈ ಹಾಕುವ ಮುಂಚೆ ಗ್ಲೌಸ್, ಮತ್ತು ಒಂದು ಪ್ರಶ್ನೆ: ಇತ್ತೀಚೆಗೆ ನಾಯಿ ಕಚ್ಚಿತ್ತಾ? ಹುಚ್ಚುನಾಯಿ ರೋಗ ಬಂದ ಆಕಳೂ ಹೀಗೆಯೇ ಜೊಲ್ಲು ಸುರಿಸುತ್ತದೆ, ನುಂಗಲಾರದು. ಆಕಳು ಸಾಧುವಾಗಿದೆ ಅಂತ ಸುಮ್ನೆ ಬರಿಗೈ ಹಾಕುವವರನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಕುತ್ತಿಗೆಯ ಎಡಬದಿ ಸವರಿದಾಗ ಗಂಟು ಸಿಕ್ಕಿತು. ನಸೀಬು, ಎದೆಯೊಳಗೆ ಇಳಿದಿರಲಿಲ್ಲ. ಅನ್ನನಾಳ ಸಡಿಲವಾಗಲು ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಕಾದೆ. ಈ ಕಾಯುವಿಕೆ ಬಹಳ ಮುಖ್ಯ. ಬಿಗಿದ ನಾಳದಲ್ಲಿ ಎಳೆದಾಡಿದರೆ ಒಳಪದರ ಕಿತ್ತುಬರುತ್ತದೆ. ಆಮೇಲೆ ಬಾಯಿಗೆ ಗ್ಯಾಗ್ ಹಾಕಿ ತೆರೆದಿಟ್ಟೆವು. ಮನೆಯ ಯಜಮಾನರು ಹೊರಗಿನಿಂದ ಎರಡೂ ಅಂಗೈಯಲ್ಲಿ ಗಂಟನ್ನು ಕೆಳಗಿನಿಂದ ಒತ್ತಿ, ಇಂಚಿಂಚಾಗಿ ಮೇಲಕ್ಕೆ ಸರಿಸಿದರು. ಗಂಟಲ ಬುಡಕ್ಕೆ ಬಂದಾಗ ನನ್ನ ಬೆರಳಿಗೆ ಎಟುಕಿತು. ನಾರು ಹಾಗೇ ಇದ್ದ ಇಡೀ ಗೊರಟು.

ಎದೆಯೊಳಗೆ ಸಿಕ್ಕಿದ್ದರೆ ಕಥೆ ಬೇರೆ. ಟ್ರೋಕಾರ್‌ನ ಕೊಳವೆಯನ್ನು ಅಲ್ಲೇ ಹೊಲಿದು, ಗ್ಯಾಸಿಗೆ ದಾರಿ ಬಿಟ್ಟು, ಒಂದೆರಡು ದಿನ ಕಾಯುತ್ತೇನೆ. ಎಷ್ಟೋ ಸಲ ಬಿಗಿತ ಇಳಿದು ತಾನೇ ಹೊಟ್ಟೆಗೆ ಜಾರುತ್ತದೆ.

ಆ ಮನೆಯವರಿಗೆ ಕೆಲವು ದಿನ ಮೆತ್ತಗಿನ ಮೇವನ್ನೇ ಕೊಡಲು ಹೇಳಿದೆ. ಕೆಮ್ಮು, ಜ್ವರ, ಕುತ್ತಿಗೆಯಲ್ಲಿ ಊತ ಕಂಡರೆ ಕೂಡಲೇ ಫೋನ್ ಮಾಡಿ ಅಂದೆ. ಪಕ್ಕದ ಜ್ಯೂಸ್ ಅಂಗಡಿಯವರ ಹತ್ತಿರವೂ ಹೋಗಿ, ಸಿಪ್ಪೆ ಬೇಕಾದರೆ ದನಕ್ಕೆ ಹಾಕಿ, ಗೊರಟು ಮಾತ್ರ ಬೇರೆ ಬಕೆಟ್‌ನಲ್ಲಿ ಇಡಿ ಎಂದು ಕೇಳಿಕೊಂಡೆ. ಒಪ್ಪಿದರು.