ಪ್ರೋಗ್ರಾಂ ಕೈಕೊಟ್ಟಿತೇ? ಕೊನೆಯ ಸಾಲಿನಿಂದ ಓದಿ

ಮಲ್ಪೆ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುವ ನಮ್ಮ ಬಂಧುವೊಬ್ಬರಿಗೆ ಪೈಥಾನ್‌ನಲ್ಲಿ ಪುಟ್ಟದೊಂದು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬಂಗುಡೆ, ಬೂತಾಯಿಯ ತೂಕಗಳಿರುವ ಕಡತ ಓದಿ ಒಟ್ಟು ಹೇಳುವುದಷ್ಟೇ ಅದರ ಕೆಲಸ. ಒಂದು ಬೆಳಿಗ್ಗೆ ಅದು ಲೆಕ್ಕದ ಬದಲು ಹತ್ತು ಸಾಲು ಇಂಗ್ಲಿಷ್ ಉಗುಳಿ ನಿಂತುಬಿಟ್ಟಿತು. ಅವರು ಪರದೆಯ ಫೋಟೊ ಕಳುಹಿಸಿದರು. ಅದೂ ಮೇಲಿನ ನಾಲ್ಕು ಸಾಲು ಮಾತ್ರ. ನನಗೆ ಬೇಕಿದ್ದುದು ಕೊನೆಯ ಸಾಲು!

ಈ ಸಾಲುಗಳಿಗೆ ಸ್ಟ್ಯಾಕ್ ಟ್ರೇಸ್ ಎಂದು ಹೆಸರು. ಉಡುಪಿಯ ಹೋಟೆಲೊಂದನ್ನು ನೆನೆಸಿಕೊಳ್ಳಿ. ನೀವು ಮಸಾಲೆ ದೋಸೆ ಹೇಳಿದಿರಿ, ಸಪ್ಲಾಯರ್ ಭಟ್ಟರಿಗೆ ಹೇಳಿದ, ಭಟ್ಟರು ಹಿಟ್ಟು ತರಲು ಹುಡುಗನನ್ನು ಕಳುಹಿಸಿದರು, ಪಾತ್ರೆ ಖಾಲಿ. ಆ ಗಳಿಗೆಯಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬ ಸರಪಳಿಯೇ ಸ್ಟ್ಯಾಕ್ ಟ್ರೇಸ್. ಆಗಲೇ ಕುಡಿದು ಮುಗಿಸಿದ ಕಾಫಿಯ ಸುದ್ದಿ ಅದರಲ್ಲಿ ಇರುವುದಿಲ್ಲ. ಕೆಲಸ ಮುಗಿಸಿದ ಫಂಕ್ಷನ್ (ಪ್ರೋಗ್ರಾಂನೊಳಗೆ ಒಂದೊಂದು ಕೆಲಸ ಮಾಡುವ ತುಣುಕು) ಪಟ್ಟಿಯಿಂದ ಹೊರಬಿದ್ದಿರುತ್ತದೆ. ಹಾಗಾಗಿ ಕೆಟ್ಟ ಅಂಕಿ ಮೊದಲೇ ಎಲ್ಲೋ ಒಳಹೊಕ್ಕಿದ್ದರೆ, ಆ ಜಾಗವನ್ನು ನೀವೇ ಹುಡುಕಬೇಕು.

ಮೊದಲು ದೋಷದ ಹೆಸರು ನೋಡಿ. ಪೈಥಾನ್‌ನಲ್ಲಿ ಅದು ಕೊನೆಯ ಸಾಲಿನಲ್ಲಿರುತ್ತದೆ. ನಮ್ಮಲ್ಲಿ 'ವ್ಯಾಲ್ಯೂಎರರ್' ಎಂದಿತ್ತು, ಪಕ್ಕದಲ್ಲಿ '12.5'. ಪೂರ್ಣಾಂಕ ಕೇಳುವ 'ಇಂಟ್' ಬಿಂದುವಿರುವ ಪಠ್ಯವನ್ನು ಒಪ್ಪುವುದಿಲ್ಲ. (೨೫ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ತಕರಾರಿಲ್ಲದೆ ಒಪ್ಪುತ್ತದೆ!) ಜಾವಾ ಎಂಬ ಇನ್ನೊಂದು ಪ್ರೋಗ್ರಾಂ ಭಾಷೆಯಲ್ಲಿ ಕ್ರಮ ತಲೆಕೆಳಗು: ದೋಷದ ಹೆಸರು ಮೇಲೆ. ಆದರೆ ಉದ್ದದ ಟ್ರೇಸ್‌ನಲ್ಲಿ 'ಕಾಸ್ಡ್ ಬೈ' ಎಂಬ ಸಾಲುಗಳಿದ್ದರೆ ಅವುಗಳಲ್ಲಿ ಕೊನೆಯದಕ್ಕೆ ಇಳಿಯಿರಿ. ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ.

ಬಳಿಕ ದೋಷದ ತುದಿಯಿಂದ ಹಿಂದಕ್ಕೆ ಬರುತ್ತಾ, ನೀವೇ ಬರೆದ ಕಡತದ ಹೆಸರು ಮೊದಲು ಕಂಡಲ್ಲಿ ನಿಲ್ಲಿ. ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ) ಸಾಲುಗಳನ್ನು ದಾಟಿಬಿಡಿ; ತಪ್ಪು ಅಲ್ಲಿರುವುದು ಅಪರೂಪ. 2022ರಲ್ಲಿ ಬಂದ ಪೈಥಾನ್ 3.11ರಿಂದೀಚೆಗೆ ಸಾಲಿನೊಳಗೆ ಎಡವಿದ ಜಾಗದ ಕೆಳಗೇ ಗುರುತು ಬೀಳುತ್ತದೆ. ಆ ಸಾಲಿಗೆ ಬಂದ ಮೌಲ್ಯವನ್ನು ಪರದೆಯಲ್ಲಿ ಮುದ್ರಿಸಿ ನೋಡದೆ ಕೋಡ್‌ಗೆ ಕೈ ಹಚ್ಚಬೇಡಿ.

ಇನ್ನು ದುರಸ್ತಿ. 'ಇಂಟ್' ಬದಲು ದಶಮಾಂಶ ಒಪ್ಪುವ 'ಫ್ಲೋಟ್' ಹಾಕಿದರೆ 12.5 ದಾಟಿತು. ಆದರೆ ನಾಳೆ ಯಾರೋ '12.5 ಕೆ.ಜಿ.' ಎಂದು ಬರೆಯುತ್ತಾರೆ. ಅದಕ್ಕೆ, ದೋಷ ಬಂದರೂ ಪ್ರೋಗ್ರಾಂ ನಿಲ್ಲದಂತೆ ಅದನ್ನು ಹಿಡಿಯುವ 'ಟ್ರೈ–ಎಕ್ಸೆಪ್ಟ್' ಇದೆ. ಅಲ್ಲಿ ವ್ಯಾಲ್ಯೂಎರರ್ ಒಂದನ್ನೇ ಹಿಡಿಯಿರಿ. ಎಲ್ಲ ದೋಷಗಳನ್ನೂ ಹಿಡಿದು 'ಪಾಸ್' (ಏನೂ ಮಾಡಬೇಡ) ಎಂದು ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಹಿಟ್ಟಿಲ್ಲವೆಂಬುದನ್ನು ಮುಚ್ಚಿಟ್ಟು ಖಾಲಿ ತಟ್ಟೆ ತಂದಿಟ್ಟಂತೆ. ಲಾಗ್ ಕಡತವೊಂದನ್ನು (ಪ್ರೋಗ್ರಾಂನ ದಿನಚರಿ) ಹೊಂದಿಸಿಟ್ಟು 'ಲಾಗಿಂಗ್.ಎಕ್ಸೆಪ್ಶನ್' ಬಳಸಿದರೆ ಪೂರ್ತಿ ಟ್ರೇಸ್ ಅಲ್ಲಿಗೆ ಹೋಗುತ್ತದೆ. ಬಳಸುವವರಿಗೆ ಸರಳ ವಾಕ್ಯವೊಂದು ಸಾಕು. ಒಳಗಿನ ಫೋಲ್ಡರ್‌ಗಳ ಹೆಸರನ್ನು ಊರಿಗೆಲ್ಲ ತೋರಿಸಬೇಕಿಲ್ಲ.

ಮೊನ್ನೆ ಆ ಪ್ರೋಗ್ರಾಂ '41ನೇ ಸಾಲಿನಲ್ಲಿ ತೂಕವಿಲ್ಲ: ಅರ್ಧ ಬುಟ್ಟಿ' ಎಂದು ಹೇಳಿತಂತೆ. ಬಂಧು ನನಗೆ ಫೋನ್ ಮಾಡಲಿಲ್ಲ, 'ಅರ್ಧ ಬುಟ್ಟಿ' ಎಂದು ಬರೆದ ಹುಡುಗನನ್ನು ಕರೆದರು.