ಮೂವತ್ತು ರೂಪಾಯಿಯ ಫ್ಯೂಸು ಸುಟ್ಟಿದ್ದು ಯಾಕೆ?

ಮುಂಬೈ ಪಕ್ಕದ ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಒಂದು ಹಳೆಯ ಎಸ್ಪ್ರೆಸೊ ಕಾಫಿ ಮಷೀನನ್ನು 2,500 ರೂಪಾಯಿಗೆ ತಂದೆ. ಬಿಸಿಯಾಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದೆ. ಬಿಸಿ ಮಾಡುವ ಭಾಗವನ್ನೇ ಬದಲಿಸಬೇಕು, 4,800 ಆಗುತ್ತದೆ ಅಂದರು. ಬಿಚ್ಚಿ ನೋಡದೆ ಹೇಳಿದ ಮಾತು ಅದು. ನಾನು ಮಷೀನು ಎತ್ತಿಕೊಂಡು ಮಾಟುಂಗಾದ ನಮ್ಮ ಮನೆಗೆ ವಾಪಸ್ ಬಂದೆ.

ಪ್ಲಗ್ ತೆಗೆದಿಟ್ಟು ಮುಚ್ಚಳ ಬಿಚ್ಚಿದೆ. ಒಂದೊಂದು ವೈರು ತೆಗೆಯುವ ಮೊದಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಒಳಗೆ ಇರುವುದು ತುಂಬಾ ಸರಳ. ನೀರಿನ ಡಬ್ಬ, ಪಂಪು, ನೀರು ಹಾದುಹೋಗುತ್ತಲೇ ಕಾಯುವ ಒಂದು ಲೋಹದ ಗಟ್ಟಿ, ಕೊನೆಗೆ ಕಾಫಿ ಪುಡಿ ಕೂರುವ ಹಿಡಿ. ಆ ಗಟ್ಟಿಗೆ ಥರ್ಮೋಬ್ಲಾಕ್ ಅಂತಾರೆ.

400 ರೂಪಾಯಿಯ ಮಲ್ಟಿಮೀಟರ್ ಒಂದೇ ನನ್ನ ದೊಡ್ಡ ಖರ್ಚು. ಹೀಟರಿನ ಎರಡು ತುದಿಗೆ ಹಿಡಿದರೆ ಕರೆಂಟಿಗೆ 53 ಓಮ್ ತಡೆ ತೋರಿಸಿತು. 230 ವೋಲ್ಟಿಗೆ 1,000 ವ್ಯಾಟ್ ಹೀಟರ್ ಅಂದರೆ ಅಷ್ಟೇ ಬರಬೇಕು. ಒಂದು ತುದಿಯಿಂದ ಲೋಹದ ಮೈಗೆ ಹಿಡಿದರೆ ಏನೂ ತೋರಿಸಲಿಲ್ಲ, ಅಂದರೆ ಕರೆಂಟು ಮೈಗೆ ಇಳಿಯುತ್ತಿಲ್ಲ. ಹೀಟರ್ ಚೆನ್ನಾಗಿದೆ! ಹಾಗಾದರೆ ದಾರಿಯಲ್ಲೆಲ್ಲೋ ತುಂಡಾಗಿದೆ. ಥರ್ಮೋಬ್ಲಾಕಿಗೆ ಅಂಟಿಕೊಂಡಂತೆ, ಬಿಳಿ ಕೊಳವೆಯೊಳಗೆ ಪುಟ್ಟ ಥರ್ಮಲ್ ಫ್ಯೂಸು ಇತ್ತು, ಕಾವು ಮಿತಿ ಮೀರಿದರೆ ಸುಟ್ಟು ಕರೆಂಟು ಕಡಿಯುವಂಥದ್ದು. ಮೀಟರು ಅದರ ಮೇಲೆ ಬೀಪ್ ಅನ್ನಲಿಲ್ಲ, ಅಂದರೆ ಅದು ಸುಟ್ಟಿದೆ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಥದ್ದು 30 ರೂಪಾಯಿಗೆ ಸಿಗುತ್ತದೆ. ಅವತ್ತೇ ಅದರ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಲೋಕಲ್ ಹಿಡಿದು ಎರಡು ತಂದೆ. ಹಳೆಯದರ ಮೇಲೆ ಬರೆದಿದ್ದ ಡಿಗ್ರಿ ಮತ್ತು ಆಂಪಿಯರ್ ನೋಡಿ, ಅದೇ ಅಂಕಿಯದ್ದು. ಫ್ಯೂಸನ್ನು ಬಿಟ್ಟು ವೈರು ನೇರ ಸೇರಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಗೆ ಬೆಂಕಿ ಬೀಳದಂತೆ ಕಾಯುವ ಕೊನೆಯ ಕಾವಲು ಅದು.

ಹಾಕುವ ಮೊದಲು ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ವಿಜಯಪುರದ ಕಡೆಯವರು. ಅವರು ಫ್ಯೂಸು ನೋಡಲೇ ಇಲ್ಲ. "ಇದು ತಾನಾಗೇ ಸುಡಂಗಿಲ್ರಿ. ಇದನ್ನ ಸುಟ್ಟಿದ್ದು ಯಾವ್ದು ಅಂತ ಮೊದ್ಲು ನೋಡ್ರಿ" ಅಂದರು.

ಆ ಮಾತು ಕೇಳದಿದ್ದರೆ ಎರಡೂ ಫ್ಯೂಸು ಹಾಳಾಗುತ್ತಿದ್ದವು. ನಾನು ಕರೆಂಟಿನ ದಾರಿ ಮಾತ್ರ ನೋಡಿದ್ದೆ, ನೀರಿನ ದಾರಿ ನೋಡಿರಲಿಲ್ಲ. ಹೀಟರಿನ ವೈರು ಕಳಚಿಟ್ಟು, ಪಂಪಿನಿಂದ ಹೊರಡುವ ಪೈಪನ್ನು ಬಿಡಿಸಿ ಒಂದು ಲೋಟಕ್ಕೆ ಹಿಡಿಸಿದೆ. ಕೈ ದೂರ ಇಟ್ಟು ಸ್ವಿಚ್ ಹಾಕಿದರೆ ನೀರು ಜೋರಾಗಿ ಬಂತು. ಈ ಪಂಪಿನೊಳಗಿನ ಪಿಸ್ಟನ್ನು ನಮ್ಮ ಕರೆಂಟಿಗೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಬಡಿಯುತ್ತದೆ, ಅದೇ ಆ ಗುರ್ ಸದ್ದು. ಪ್ಲಗ್ ತೆಗೆದು, ಅದೇ ಪೈಪಿಗೆ ಸಿರಿಂಜಿನಿಂದ ನೀರು ಕೊಟ್ಟು ಥರ್ಮೋಬ್ಲಾಕಿನೊಳಗೆ ಒತ್ತಿದೆ. ಹನಿಯೂ ದಾಟಲಿಲ್ಲ.

ಸುಣ್ಣ ಕಟ್ಟಿತ್ತು. ಮುಂಬೈಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳ ನೀರು, ಅದು ಮೆದು, ಸುಣ್ಣ ಕಡಿಮೆ. ಆದರೆ ಮಷೀನು ಮಾರಿದವರ ಕಟ್ಟಡಕ್ಕೆ ವರ್ಷಗಟ್ಟಲೆ ಟ್ಯಾಂಕರಿನ ಗಡಸು ಬೋರ್‌ವೆಲ್ ನೀರು ಬರುತ್ತಿತ್ತಂತೆ. ದಾರಿ ಮುಚ್ಚಿತು, ನೀರಿಲ್ಲದ ಗಟ್ಟಿ ಕಾದೂ ಕಾದೂ ಫ್ಯೂಸು ಹಾರಿತು.

ಕಿರಾಣಿ ಅಂಗಡಿಯ ಲಿಂಬು ಫೂಲ್, ಅದೇ ನಮ್ಮ ನಿಂಬೆ ಉಪ್ಪು, ಲೀಟರಿಗೆ 20 ಗ್ರಾಂ ಕಲಸಿದೆ. ಸಿರಿಂಜಿನಲ್ಲಿ ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಿ. ತಣ್ಣಗಿನ ನೀರಿನಲ್ಲೇ ಮಾಡಬೇಕು. ಬಿಸಿ ಮಾಡಿದರೆ ಆ ಹುಳಿ ಸುಣ್ಣದ ಜೊತೆ ಸೇರಿ, ಸುಲಭಕ್ಕೆ ಕರಗದ ಇನ್ನೊಂದು ಗಷ್ಟು ಕೂರಬಹುದು. ಮೊದಲ ಸಂಜೆ ಏನೂ ಆಗಲಿಲ್ಲ. ಎರಡನೇ ಸಂಜೆ ಒಂದು ಹನಿ. ಮೂರನೇ ಸಂಜೆ ಬೂದು ಬಣ್ಣದ ಮರಳಿನಂಥದ್ದು ಬುಳಬುಳ ಅಂತ ಹೊರಗೆ ಬಂತು. ಎಷ್ಟು ಖುಷಿಯಾಯಿತು ಅಂದರೆ ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ನೀರು ತಿಳಿಯಾಗುವವರೆಗೆ ತೊಳೆದೆ.

ಆಮೇಲೆ ಫ್ಯೂಸು. ಅದಕ್ಕೆ ಬೆಸುಗೆ ಹಾಕಬಾರದು, ಆ ಕಾವಿಗೇ ಹಾರಿಬಿಡುತ್ತದೆ. ಲೋಹದ ಚಿಕ್ಕ ಕೊಳವೆಯಲ್ಲಿ ಎರಡೂ ತುದಿ ಸೇರಿಸಿ ಇಕ್ಕಳದಿಂದ ಒತ್ತಬೇಕು, ಮೇಲೆ ಕಾವು ತಡೆಯುವ ಫೈಬರ್ ಗ್ಲಾಸ್ ತೋಳು. ಗಟ್ಟಿಯಾಗಿ ಒಡೆದಿದ್ದ ರಬ್ಬರ್ ಗ್ಯಾಸ್ಕೆಟ್ಟನ್ನು ನಾಗದೇವಿ ಸ್ಟ್ರೀಟಿಗೆ ಒಯ್ದು, ಅಳತೆ ನೋಡಿ, ಆಹಾರಕ್ಕೆ ಬಳಸುವ ಸಿಲಿಕೋನಿನದ್ದೇ ಕೇಳಿ ತಂದೆ. ಅರ್ತ್ ಪಿನ್ನಿನಿಂದ ಮೈವರೆಗೆ ಮೀಟರು ಬೀಪ್ ಅಂದ ಮೇಲೆಯೇ ಮುಚ್ಚಳ ಹಾಕಿದೆ.

ಮಲ್ಟಿಮೀಟರ್ ಸೇರಿ ರಿಪೇರಿಗೆ ಒಟ್ಟು 760 ರೂಪಾಯಿ.

ಮೊದಲ ಕಪ್ ಕಾಫಿ ನೀರುನೀರಾಗಿತ್ತು, ಅದು ಮಷೀನಿನ ತಪ್ಪಲ್ಲ. ಮನೆಯಲ್ಲಿದ್ದದ್ದು ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ. ಎಸ್ಪ್ರೆಸೊಗೆ ಅದು ತರಿ ಜಾಸ್ತಿ, ನೀರು ಸರ್ರನೆ ಓಡುತ್ತದೆ. ಮರುದಿನ ಇಲ್ಲೇ ಮಾಟುಂಗಾದ ಅಂಗಡಿಯಲ್ಲಿ ಚಿಕೋರಿ ಇಲ್ಲದ ಪೀಬೆರಿಗೆ ಸ್ವಲ್ಪ ರೊಬಸ್ಟಾ ಸೇರಿಸಿ, ಇನ್ನೂ ನುಣ್ಣಗೆ ಬೀಸಿಸಿಕೊಂಡೆ. 18 ಗ್ರಾಂ ಪುಡಿಗೆ 28 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯಿತು, ಮೇಲೆ ಕಂದು ನೊರೆ. ಅಮ್ಮ ಅದಕ್ಕೆ ಬಿಸಿ ಹಾಲು, ಒಂದು ಚಮಚ ಸಕ್ಕರೆ ಹಾಕಿಕೊಂಡು ಸ್ಟೀಲ್ ಲೋಟದಲ್ಲಿ ಕುಡಿದರು.